ಅಂಗಡಿಯಲ್ಲಿ ಸರಿ, ಮನೆಯಲ್ಲಿ ರಗಳೆ

ಪುತ್ತೂರಿನ ಅಕ್ಕನ ಮನೆಯ ಕಂಪ್ಯೂಟರು ಒಂದೇ ಏಪ್ರಿಲಿನಲ್ಲಿ ಮೂರು ಸಲ ರಿಪೇರಿ ಅಂಗಡಿಗೆ ಹೋಯಿತು. ಮೂರು ಸಲವೂ ಯಾವ ಕಾಯಿಲೆಯೂ ಇಲ್ಲವೆಂದು ತೀರ್ಮಾನವಾಗಿ ಆಟೋ ಹತ್ತಿ ವಾಪಸು ಬಂತು. ತಂದು ಮೇಜಿನ ಕೆಳಗೆ ಕೂರಿಸಿ, ವಯರುಗಳನ್ನೆಲ್ಲ ಸಿಕ್ಕಿಸಿ, ಸಂಜೆ ಏಳರ ಹೊತ್ತಿಗೆ ಅಕ್ಕನ ಮಗ ವಿಡಿಯೋ ಎಡಿಟಿಂಗಿಗೆ ಕೂತನೆಂದರೆ ಇಪ್ಪತ್ತು ನಿಮಿಷದೊಳಗೆ ಪರದೆ ನೀಲಿಯಾಗುತ್ತಿತ್ತು. ಕೆಲವು ದಿನ ನೀಲಿಯೂ ಇಲ್ಲ, ಯಾರೋ ಮೇನ್ ಸ್ವಿಚ್ ಎಳೆದ ಹಾಗೆ ಕತ್ತಲು. ಇನ್ನು ಕೆಲವು ದಿನ ಕಂಪ್ಯೂಟರು ನೆಟ್ಟಗೇ ಇರುತ್ತಿತ್ತು, ವಿಡಿಯೋ ತಂತ್ರಾಂಶ ಮಾತ್ರ ಮಾತಿಲ್ಲದೆ ಮುಚ್ಚಿಕೊಳ್ಳುತ್ತಿತ್ತು.

“ಮೂರು ದಿನ ಓಡಿಸಿ ಇಟ್ಟಿದ್ದೇನೆ ಸಾರ್. ಎಂತದೂ ತೊಂದರೆ ಇಲ್ಲ ಮಾರಾಯ್ರೆ,” ಎಂದ ಅಂಗಡಿಯ ಹುಡುಗ. ಸುಳ್ಳು ಹೇಳುವ ಪೈಕಿಯಲ್ಲ ಅವನು. ಮೂರು ದಿನ ಓಡಿಸಿಯೇ ಇದ್ದ.

“ಅದಕ್ಕೆ ಅದೇ ತವರುಮನೆ ಇರಬೇಕು. ಅಲ್ಲಿ ಹೋದ ಕೂಡಲೆ ಮುಖ ಅರಳ್ತದೆ,” ಎಂದಳು ಅಕ್ಕ.

ಈ ಅನುಭವ ಆಗದ ಮನೆ ಅಪರೂಪ. ರಾತ್ರಿಯಿಡೀ ಜೀವ ಹಿಂಡಿದ ಹಲ್ಲುನೋವು ಡಾಕ್ಟರ ಕುರ್ಚಿಯಲ್ಲಿ ಕೂತೊಡನೆ ಮಾಯವಾಗುವ ಹಾಗೆ, ಕಂಪ್ಯೂಟರಿನ ಕಾಯಿಲೆಯೂ ರಿಪೇರಿಯವನ ಎದುರು ಅಡಗಿ ಕೂರುತ್ತದೆ. ಇದರ ಜೊತೆಗೆ ಇನ್ನೆರಡು ಒಗಟುಗಳಿವೆ. ಕೆಡುವಾಗ ಪ್ರತಿ ಸಲವೂ ಬೇರೆ ಬೇರೆ ಕಾರಣ ತೋರಿಸುತ್ತದೆ. ಮತ್ತೆ, ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ. ಕಾಲು ಮುರಿದ ಕುರ್ಚಿ ಹೀಗೆ ಮಾಡುವುದಿಲ್ಲ. ಅದು ಮನೆಯಲ್ಲೂ ವಾಲುತ್ತದೆ, ಬಡಗಿಯ ಅಂಗಡಿಯಲ್ಲೂ ವಾಲುತ್ತದೆ. ಹಾಗಾದರೆ ಈ ಪೆಟ್ಟಿಗೆಯಲ್ಲಿ ಮುರಿದಿರುವುದು ಏನು?

ಗಂಟೆ ಮತ್ತು ಕೊಡ

ಕಂಪ್ಯೂಟರು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಕೆಲಸ ಮಾಡುತ್ತದೆಂದು ಶಾಲೆಯ ಮಕ್ಕಳಿಗೂ ಗೊತ್ತು. ಒಳಗೆ ಇಳಿದು ಹುಡುಕಿದರೆ ಮಾತ್ರ ಸೊನ್ನೆಯೂ ಸಿಗುವುದಿಲ್ಲ, ಒಂದೂ ಸಿಗುವುದಿಲ್ಲ. ಅಲ್ಲಿರುವುದು ತುಂಬುತ್ತಿರುವ ಮತ್ತು ಬರಿದಾಗುತ್ತಿರುವ ಕೊಡಗಳು.

ಪ್ರೊಸೆಸರಿನೊಳಗಿನ ಪ್ರತಿಯೊಂದು ಎಳೆಯನ್ನೂ ಒಂದು ಪುಟಾಣಿ ಕೊಡ ಎಂದುಕೊಳ್ಳಿ. ಅದರಲ್ಲಿ ತುಂಬುವ ನೀರು ವಿದ್ಯುತ್ತು. ಟ್ರಾನ್ಸಿಸ್ಟರು ಅದಕ್ಕೆ ನೀರು ಬಿಡುವ ನಲ್ಲಿ. ನೀರು ಕೊಡದ ಕುತ್ತಿಗೆ ಮುಟ್ಟಿದ್ದರೆ ಅದನ್ನು ‘ಒಂದು’ ಎಂದು ಓದಬೇಕು, ತಳದಲ್ಲಿದ್ದರೆ ‘ಸೊನ್ನೆ’ ಎಂದು. ತುಂಬುತ್ತಿರುವಾಗ ನಡುಮಟ್ಟದಲ್ಲಿರುವ ನೀರಿಗೆ ಏನು ಹೆಸರು? ಯಾವ ಹೆಸರೂ ಇಲ್ಲ, ಆ ಹೊತ್ತಿನಲ್ಲಿ ಯಾರೂ ಅದನ್ನು ನೋಡಕೂಡದು. ನೋಡುವುದಕ್ಕೆ ಒಂದು ಗಂಟೆಯಿದೆ. ಗಂಟೆ ಬಾರಿಸಿದ ಕ್ಷಣ ಎಲ್ಲರೂ ತಂತಮ್ಮ ಕೊಡ ಇಣುಕಿ ಬರೆದುಕೊಳ್ಳುತ್ತಾರೆ. ಮತ್ತೆ ನಲ್ಲಿಗಳು ತಿರುಗುತ್ತವೆ, ಮತ್ತೆ ಗಂಟೆ.

ಕಂಪ್ಯೂಟರು ಮಾರುವವರು ‘4 ಗಿಗಾಹರ್ಟ್ಸ್’ ಎನ್ನುವುದು ಈ ಗಂಟೆಯ ವೇಗವನ್ನೇ. ಸೆಕೆಂಡಿಗೆ 400 ಕೋಟಿ ಬಾರಿ. ಎರಡು ಗಂಟೆಗಳ ನಡುವಿನ ಬಿಡುವಿನಲ್ಲಿ ಬೆಳಕು ಕೂಡ ಏಳೂವರೆ ಸೆಂಟಿಮೀಟರು, ಅಂದರೆ ನಮ್ಮ ನಡುಬೆರಳಿನಷ್ಟು ದೂರ ಸಾಗಿರುತ್ತದೆ, ಅಷ್ಟೆ. ಅಷ್ಟರೊಳಗೆ ಒಂದು ಕೊಡ ತುಂಬಿದರೆ ಸಾಲದು. ಒಂದು ತುಂಬಿದ ಮೇಲೆ ಅದು ಮುಂದಿನದರ ನಲ್ಲಿ ತಿರುಗಿಸಬೇಕು, ಅದು ತುಂಬಿ ಅದರ ಮುಂದಿನದು. ಮನೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಮಾಡಿನ ತನಕ ಸಾಲಾಗಿ ನಿಂತು ಕೊಡ ದಾಟಿಸುವಂತೆ, ಹತ್ತಾರು ಕೈ ದಾಟಿ ಕೊನೆಯ ಕೊಡದಲ್ಲಿ ಉತ್ತರ ಬಂದಿರಬೇಕು. ಸಾಲುಗಳಲ್ಲಿ ಗಿಡ್ಡವೂ ಇವೆ, ಉದ್ದವೂ ಇವೆ. ಅತಿ ಉದ್ದದ ಸಾಲಿನ ಕೊನೆಯ ಕೊಡ ತುಂಬುವ ತನಕ ಗಂಟೆ ಬಾರಿಸುವಂತಿಲ್ಲ.

ತಯಾರಿಸುವವರು ಅದನ್ನು ಅಳೆದೇ ಗಂಟೆಯ ವೇಗ ಗೊತ್ತುಮಾಡುತ್ತಾರೆ. ಅತಿ ಉದ್ದದ ಸಾಲಿಗೆ 80 ಪಾಲು ಹೊತ್ತು ಬೇಕೆನ್ನೋಣ. ಗಂಟೆಯನ್ನು 100 ಪಾಲಿಗೆ ಬಾರಿಸುತ್ತಾರೆ. ಮಿಕ್ಕ 20 ಪಾಲಿಗೆ ಬಜೆಟ್ ಮಂಡಿಸುವವರ ಮಾತನ್ನೇ ಕಡ ತಂದು ‘ಮಿಗತೆ’ ಎನ್ನುತ್ತೇನೆ. ಈ ಅಧ್ಯಾಯದಲ್ಲಿ ನೆನಪಿಡಬೇಕಾದ ಪದ ಅದೊಂದೇ.

ಮಿಗತೆಗೆ ವಿಚಿತ್ರವಾದ ಗುಣವಿದೆ. ಅದು 20 ಪಾಲು ಇದ್ದರೂ ಯಂತ್ರ ಸರಿ, 2 ಪಾಲಿಗೆ ಇಳಿದರೂ ಅಷ್ಟೇ ಸರಿ. ‘ಸ್ವಲ್ಪ ಮಂಕಾಗಿದೆ, ತೂಕಡಿಸುತ್ತಿದೆ’ ಎಂದು ಹೊರಗಿನಿಂದ ಹೇಳುವ ಯಾವ ಗುರುತೂ ಇಲ್ಲ. ಸೊನ್ನೆಗಿಂತ ಕೂದಲೆಳೆಯಷ್ಟು ಕೆಳಗಿಳಿದಾಗ ಮಾತ್ರ ಒಂದು ಕೊಡ ಅರೆ ತುಂಬಿರುವಾಗಲೇ ಗಂಟೆ ಬೀಳುತ್ತದೆ, ಒಂದು ಆಗಬೇಕಿದ್ದದ್ದು ಸೊನ್ನೆಯಾಗುತ್ತದೆ. ಅದೂ ಎಲ್ಲ ಸಾಲಿನಲ್ಲಲ್ಲ, ಅತಿ ಉದ್ದದ ಆ ಒಂದು ಸಾಲಿನಲ್ಲಿ. ಆ ಸಾಲಿಗೆ ಕೆಲಸ ಬೀಳದಿದ್ದರೆ ದಿನವಿಡೀ ಏನೂ ಆಗುವುದಿಲ್ಲ. ಕೋಟಿ ಸಲ ಸರಿಯಾಗಿ ಮಾಡಿದ ಯಂತ್ರ ಮುಂದಿನ ಸಲ ಎಡವುವುದು ಹೀಗೆ.

ತಿನ್ನುವವರು

ಮಿಗತೆಯನ್ನು ತಿನ್ನುವಂಥವು ನಾಲ್ಕಿವೆ. ಮೊದಲನೆಯದು ಶಾಖ. ಬಿಸಿಯೇರಿದ ಸಿಲಿಕಾನಿನಲ್ಲಿ ಪರಮಾಣುಗಳ ಕಂಪನ ಹೆಚ್ಚುತ್ತದೆ, ಎಲೆಕ್ಟ್ರಾನುಗಳ ಓಟಕ್ಕೆ ಜಾತ್ರೆಯ ನೂಕುನುಗ್ಗಲಿನಂತೆ ಅಡ್ಡಿಯಾಗುತ್ತದೆ. ಸಾಮಾನ್ಯವಾಗಿ ನಲ್ಲಿ ನಿಧಾನವಾಗುತ್ತದೆ. 80 ಪಾಲಿನ ಸಾಲು 90 ಕೇಳುತ್ತದೆ. ಈಗಿನ ಪ್ರೊಸೆಸರುಗಳು ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಾವಾಗಿಯೇ ಗಂಟೆಯನ್ನು ನಿಧಾನ ಮಾಡಿಕೊಳ್ಳುತ್ತವೆ. ಅದಕ್ಕೂ ಬಗ್ಗದೆ ಶಾಖ ಏರಿದರೆ ಪೆಟ್ಟಿಗೆಯೇ ಆಫ್ ಆಗುತ್ತದೆ. ಆ ಕಾವಲು ಇರುವುದು ಸುಟ್ಟುಹೋಗದಂತೆ ಕಾಯುವುದಕ್ಕೆ. ಲೆಕ್ಕ ತಪ್ಪದಂತೆ ಕಾಯುವ ಹೊಣೆ ಅದರದಲ್ಲ.

ಎರಡನೆಯದು ಒತ್ತಡ, ಅಂದರೆ ವೋಲ್ಟೇಜು. ಸಂಜೆ ಊರವರೆಲ್ಲ ನಲ್ಲಿ ತಿರುಗಿಸಿದಾಗ ನಮ್ಮ ಮನೆಯ ಕೊಡ ತುಂಬಲು ಎರಡರಷ್ಟು ಹೊತ್ತು ಬೇಕಾಗುವುದು ಎಲ್ಲರೂ ಬಲ್ಲ ಸಂಗತಿ. ಇಲ್ಲೂ ಅದೇ, ಆದರೆ ಪ್ರಮಾಣ ಬೆರಗು ಹುಟ್ಟಿಸುವಂಥದು. ಗೋಡೆಯ 230 ವೋಲ್ಟನ್ನು ಕಂಪ್ಯೂಟರಿನ ಪವರ್ ಸಪ್ಲೈ ಪೆಟ್ಟಿಗೆ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸುತ್ತದೆ. ಪ್ರೊಸೆಸರಿಗೆ ಅದೂ ಜಾಸ್ತಿ. ಮದರ್‌ಬೋರ್ಡಿನ ಮೇಲೆ ಮತ್ತೊಮ್ಮೆ ಇಳಿದು ಒಂದು ವೋಲ್ಟಿನ ಆಸುಪಾಸಿಗೆ ಬರುತ್ತದೆ. ಒಂದೇ ವೋಲ್ಟಿನಲ್ಲಿ ನೂರು ವಾಟು ಸಾಗಿಸಬೇಕಾದರೆ ನೂರು ಆಂಪಿಯರ್ ಕರೆಂಟು ಹರಿಯಬೇಕು. ಬಚ್ಚಲುಮನೆಯ 2000 ವಾಟಿನ ಗೀಸರು ಎಳೆಯುವುದು ಸುಮಾರು 9 ಆಂಪಿಯರ್. ಅದಕ್ಕಿಂತ ಹತ್ತು ಪಟ್ಟು ಹೆಚ್ಚು ಕರೆಂಟು ಬಿಸ್ಕತ್ತಿನಷ್ಟಗಲದ ಬಿಲ್ಲೆಯೊಳಕ್ಕೆ ನುಗ್ಗುತ್ತಿರುತ್ತದೆ.

ಅದೂ ಒಂದೇ ಸಮನೆ ನುಗ್ಗುವುದಿಲ್ಲ. ಸುಮ್ಮನೆ ಕೂತಿದ್ದ ಪ್ರೊಸೆಸರಿಗೆ ವಿಡಿಯೋದ ಕೆಲಸ ಬಿದ್ದರೆ ಸೆಕೆಂಡಿನ ಲಕ್ಷದಲ್ಲೊಂದು ಭಾಗವೂ ಕಳೆಯುವ ಮುನ್ನ ಪೂರ್ತಿ ನೀರು ಬೇಕೆಂದು ಕೇಳುತ್ತದೆ. ಒತ್ತಡ ಒಮ್ಮೆ ಕುಸಿಯುತ್ತದೆ. ಆ ಕುಸಿತಕ್ಕೆ ತಾರಸಿಯ ಟ್ಯಾಂಕಿನ ಹಾಗೆ ಆಸರೆಯಾಗುವುದು ಮದರ್‌ಬೋರ್ಡಿನ ಮೇಲೆ ಸಾಲಾಗಿ ನಿಂತ ಕೆಪಾಸಿಟರುಗಳು. 2000ನೇ ಇಸವಿಯ ಆಚೀಚೆ ಕಳಪೆ ದ್ರಾವಣ ತುಂಬಿದ ಕೆಪಾಸಿಟರುಗಳು ಜಗತ್ತಿಡೀ ಹರಡಿ, ತಲೆ ಉಬ್ಬಿ, ಸೋರಿ, ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳನ್ನು ಮಲಗಿಸಿದ್ದವು. ಆ ಕಾಲದಲ್ಲಿ ಕೆಲಸ ಕಲಿತ ಮೆಕ್ಯಾನಿಕ್ಕುಗಳು ಇಂದಿಗೂ ಪೆಟ್ಟಿಗೆ ಬಿಚ್ಚಿದೊಡನೆ ಟಾರ್ಚು ಹಿಡಿದು ಅವುಗಳ ತಲೆ ಚಪ್ಪಟೆಯಿದೆಯೇ ಎಂದು ನೋಡುತ್ತಾರೆ.

ಮೂರನೆಯದು ವಯಸ್ಸು. ಟ್ರಾನ್ಸಿಸ್ಟರು ಕೂಡ ದುಡಿದು ದುಡಿದು ನಿಧಾನವಾಗುತ್ತದೆ. ನಾಲ್ಕನೆಯದು ನಮ್ಮ ಆಸೆ. ಗಂಟೆಯನ್ನು ಇನ್ನೂ ಬೇಗ ಬಾರಿಸು ಎಂದು ನಾವೇ ಹೇಳುವುದು. ಇದಕ್ಕೆ ಓವರ್‌ಕ್ಲಾಕಿಂಗ್ ಎಂಬ ಹೆಸರಿದೆ, ಹವ್ಯಾಸಿಗಳ ದೊಡ್ಡ ಬಳಗವಿದೆ. 20 ಪಾಲಿನ ಮಿಗತೆಯನ್ನು ಬಿಟ್ಟಿ ಆಸ್ತಿ ಎಂದುಕೊಂಡವರ ಬಳಗ ಅದು.

ತೂತು ಕೊಡಗಳ ಬೀದಿ

ರ್‍ಯಾಮ್, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪು, ಇನ್ನೂ ಸೂಕ್ಷ್ಮ. ಐಬಿಎಮ್ ಕಂಪನಿಯ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟು ಪಡೆದ ಉಪಾಯವೇ ಇಂದಿಗೂ ನಡೆಯುತ್ತಿದೆ: ಒಂದು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಎಂಬ ಒಂದೇ ಅಂಕಿಯ ನೆನಪಿಗೆ ಒಂದು ನಲ್ಲಿ, ಒಂದು ಕೊಡ. ಅಗ್ಗ, ಚಿಕ್ಕದು, ಎಷ್ಟು ಬೇಕಾದರೂ ಜೋಡಿಸಬಹುದು. ಒಂದೇ ಕೊರತೆ, ಕೊಡ ತೂತು. ತುಂಬಿಟ್ಟ ವಿದ್ಯುತ್ತು ಸೋರಿಹೋಗುತ್ತಲೇ ಇರುತ್ತದೆ. ಆದ್ದರಿಂದ ಸೆಕೆಂಡಿನ ಸಾವಿರ ಭಾಗಗಳಲ್ಲಿ 64 ಕಳೆಯುವುದರೊಳಗೆ ಬೀದಿಯ ಎಲ್ಲ ಕೊಡಗಳನ್ನೂ ಇಣುಕಿ, ತುಂಬಿದ್ದವಕ್ಕೆ ಮತ್ತೆ ಕಂಠಪೂರ್ತಿ ಸುರಿದು ಬರಬೇಕು. 16 ಜಿಬಿ ರ್‍ಯಾಮಿನಲ್ಲಿ ಇಂಥ ಕೊಡಗಳು ಸುಮಾರು 13,700 ಕೋಟಿ. ಈ ಪುಟ ನೀವು ಓದುವಷ್ಟರಲ್ಲಿ ನಿಮ್ಮ ಮನೆಯ ಕಂಪ್ಯೂಟರು ಆ ಇಡೀ ಬೀದಿಗೆ ಸಾವಿರ ಸುತ್ತು ಹಾಕಿರುತ್ತದೆ.

ಬಿಸಿಯಾದಷ್ಟೂ ಸೋರಿಕೆ ಹೆಚ್ಚು. ಇದು ತಯಾರಕರಿಗೆ ಚೆನ್ನಾಗಿ ಗೊತ್ತಿರುವುದರಿಂದಲೇ 85 ಡಿಗ್ರಿ ದಾಟಿದ ಮೇಲೆ ಸುತ್ತುಗಳನ್ನು ಎರಡು ಪಟ್ಟು ಮಾಡಬೇಕೆಂದು ನಿಯಮವಿದೆ. ಇಲ್ಲೂ ಅದೇ ಮಿಗತೆಯ ಆಟ. ಸೋರಿ ಮುಗಿಯುವ ಮುನ್ನ ಸುರಿಯುವವನು ಬಂದರೆ ಸರಿ, ಒಂದು ಗಳಿಗೆ ತಡವಾದರೆ ಒಂದಿದ್ದದ್ದು ಸೊನ್ನೆ.

ಕೂಗಿದವನು ಕಳ್ಳನಲ್ಲ

ಒಂದು ಬಿಟ್ ತಪ್ಪಿದರೆ ಆಗುವುದೇನು? ಅದು ಎಲ್ಲಿ ತಪ್ಪಿತು ಎನ್ನುವುದರ ಮೇಲಿದೆ. ಫೋಟೋದ ಒಂದು ಚುಕ್ಕೆಯಲ್ಲಾದರೆ ಆಕಾಶದ ನೀಲಿಯಲ್ಲಿ ಒಂದು ಕಣ ಬೇರೆ ಬಣ್ಣ, ಯಾರಿಗೂ ಕಾಣದು. ವಿಳಾಸದಲ್ಲಿ ತಪ್ಪಿದರೆ ಕಥೆ ಬೇರೆ. 17ನೇ ಮನೆಯಿಂದ ಕಾಗದ ತರಬೇಕಾದ ಆಳು ಒಂದು ಬಿಟ್ ಕೆಟ್ಟದ್ದರಿಂದ 1041ನೇ ಮನೆಯ ಬಾಗಿಲು ತಟ್ಟುತ್ತಾನೆ. ಅದು ಅವನು ಕಾಲಿಡಬಾರದ ಮನೆಯಾದರೆ ವಿಂಡೋಸ್‌ನಂಥ ಕಾರ್ಯಾಚರಣೆ ವ್ಯವಸ್ಥೆ ಕಾವಲುಗಾರನಂತೆ ಸಿಳ್ಳೆ ಹಾಕಿ ಎಲ್ಲವನ್ನೂ ನಿಲ್ಲಿಸುತ್ತದೆ. ನೀಲಿ ಪರದೆ ಎಂದರೆ ಆ ಸಿಳ್ಳೆ. ನಾವು ಅದನ್ನೇ ಕಾಯಿಲೆ ಎಂದು ಬೈಯುತ್ತೇವೆ. ನಿಜಕ್ಕೂ ಅದು ಇನ್ನಷ್ಟು ಕಡತಗಳು ಕೆಡದಂತೆ ತಡೆದ ಉಪಕಾರ.

ಪರದೆಯ ಮೇಲೆ ಬರುವ ಸಂದೇಶ ಸಿಳ್ಳೆ ಎಲ್ಲಿ ಬಿತ್ತು ಎಂದು ಹೇಳುತ್ತದೆ. ಆಳಿಗೆ ತಪ್ಪು ವಿಳಾಸ ಕೊಟ್ಟವರು ಯಾರೆಂದು ಅದಕ್ಕೆ ತಿಳಿದಿರುವುದಿಲ್ಲ. ಇವತ್ತು ಕೆಟ್ಟ ಬಿಟ್ ಸೌಂಡ್ ಡ್ರೈವರಿನ ಪಾಲಿಗೆ ಬಂದರೆ ಡ್ರೈವರಿನ ಹೆಸರು, ನಾಳೆ ಬ್ರೌಸರಿನ ಪಾಲಿಗೆ ಬಂದರೆ ಬ್ರೌಸರಿನ ಹೆಸರು. ಪ್ರತಿ ಸಲ ಬೇರೆ ಕಾರಣ ಏಕೆ ಎಂಬ ಎರಡನೆಯ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುವುದೂ ಇದಕ್ಕೇ. ಕೊಡಗಳೆಲ್ಲ ಬರಿದಾಗಿ, ತಪ್ಪು ಬಿಟ್ಟೂ ಅದರೊಂದಿಗೆ ಹರಿದುಹೋಗಿ, ಡಿಸ್ಕಿನಿಂದ ಶುದ್ಧ ಪ್ರತಿ ಮತ್ತೆ ತುಂಬಿಕೊಳ್ಳುತ್ತದೆ. ಮಿಗತೆ ಇದ್ದಷ್ಟೇ ಇರುತ್ತದೆ.

ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2005ರಲ್ಲಿ ಬರೆದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ವಿಂಡೋಸ್ ಬಿದ್ದಾಗ ಜನ ಕಳಿಸುವ ವರದಿಗಳಲ್ಲಿ ಒಂದು ರಾಶಿ, ಬೀಳಲು ಸಾಧ್ಯವೇ ಇಲ್ಲದ ಜಾಗದಲ್ಲಿ ಬಿದ್ದಿತ್ತು. ಅಲ್ಲಿದ್ದ ಆಜ್ಞೆ ಇಷ್ಟೆ: ಕೈಯಲ್ಲಿರುವ ಸ್ಲೇಟನ್ನು ಒರೆಸಿ ಸೊನ್ನೆ ಮಾಡು. ಯಾವ ಮನೆಗೂ ಹೋಗಬೇಕಿಲ್ಲ, ಯಾವ ಬಾಗಿಲೂ ತಟ್ಟಬೇಕಿಲ್ಲ. ಅದರಲ್ಲಿ ಎಡವುವುದಾದರೂ ಹೇಗೆ? ಅವರ ಸಹೋದ್ಯೋಗಿಯೊಬ್ಬರು ವರದಿ ಕಳಿಸಿದ ಕೆಲವರನ್ನು ಸಂಪರ್ಕಿಸಿ ಕೇಳಿದಾಗ ಬಹಳಷ್ಟು ಜನ ಗಂಟೆಯನ್ನು ಜೋರು ಮಾಡಿದ್ದಾಗಿ ಒಪ್ಪಿಕೊಂಡರು. ಕೆಲವರಿಗೆ ಅದು ಗೊತ್ತೂ ಇರಲಿಲ್ಲ. ಸಣ್ಣ ಅಂಗಡಿಗಳು ಕಡಿಮೆ ವೇಗದ ಪ್ರೊಸೆಸರನ್ನೇ ಜೋರಾಗಿ ಓಡಿಸಿ, ಹೆಚ್ಚು ವೇಗದ ಕಂಪ್ಯೂಟರೆಂದು ಅವರಿಗೆ ಮಾರಿದ್ದವು.

ಇತ್ತೀಚಿನ ಉದಾಹರಣೆ ಇಂಟೆಲ್ ಕಂಪನಿಯದು. ಅದರ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿದ್ದ ಹಲವು ಕಂಪ್ಯೂಟರುಗಳಲ್ಲಿ ಆಟಗಳು ‘ಗ್ರಾಫಿಕ್ಸ್ ಮೆಮೊರಿ ಸಾಲದು’ ಎಂದು ಹೇಳಿ ಬೀಳುತ್ತಿದ್ದವು. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನಲ್ಲಿ ಮೆಮೊರಿ ಧಾರಾಳವಾಗಿತ್ತು. ಆಟದ ಕಡತಗಳನ್ನು ಬಿಚ್ಚುವ ಲೆಕ್ಕದಲ್ಲಿ ತಪ್ಪುತ್ತಿದ್ದದ್ದು ಪ್ರೊಸೆಸರು, ಅಪವಾದ ಹೊತ್ತದ್ದು ಗ್ರಾಫಿಕ್ಸ್ ಕಾರ್ಡು. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಮತ್ತು ಶಾಖಕ್ಕೆ ಸಿಕ್ಕಿ ಒಳಗಿನ ಒಂದು ಸರ್ಕ್ಯೂಟು ಬೇಗ ಮುಪ್ಪಾಗುತ್ತಿದೆ ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟಿನಲ್ಲಿ ತಿದ್ದುಪಡಿ ಹೊರಡಿಸಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಮುಪ್ಪಾದ ಆ ಸರ್ಕ್ಯೂಟು ಯಾವುದು ಗೊತ್ತೇ? ಗಂಟೆಯ ಸದ್ದನ್ನು ಬಿಲ್ಲೆಯ ಮೂಲೆಮೂಲೆಗೂ ಮುಟ್ಟಿಸುವುದು.

ಆಕಾಶದ ಮೇಲೆ ದೂರು

ಕಾರಣ ಸಿಗದಿದ್ದಾಗ ಬುದ್ಧಿವಂತರು ಆಕಾಶ ತೋರಿಸುತ್ತಾರೆ. ಬಾಹ್ಯಾಕಾಶದಿಂದ ಬಂದ ಕಣ ಬಡಿದು ಬಿಟ್ ಕೆಟ್ಟಿತು ಎಂಬ ವಿವರಣೆಯಲ್ಲಿ ಒಂದು ರಮ್ಯತೆಯಿದೆ. ಪೂರ್ತಿ ಕಟ್ಟುಕಥೆಯೂ ಅಲ್ಲ, ಕಣ ಎಲ್ಲಿಂದಲೇ ಬರಲಿ, ಬಡಿದರೆ ಬಿಟ್ ಕೆಡಬಹುದು. 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರೆ ವುಡ್ಸ್, ಚಿಪ್ಪಿನ ಹೊದಿಕೆಯಲ್ಲೇ ಕಣಮಾತ್ರ ಇದ್ದ ವಿಕಿರಣಶೀಲ ವಸ್ತುಗಳು ಹೊರಚಿಮ್ಮುವ ಆಲ್ಫಾ ಕಣಗಳು ಮೆಮೊರಿಯ ಬಿಟ್ಟುಗಳನ್ನು ಕೆಡಿಸುತ್ತಿವೆ ಎಂದು ತೋರಿಸಿದ್ದರು. 2003ರ ಮೇ ತಿಂಗಳ ಚುನಾವಣೆಯಲ್ಲಿ ಬೆಲ್ಜಿಯಮ್ಮಿನ ಸ್ಕಾರ್ಬೇಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಜಾಸ್ತಿ ಬಿದ್ದವು. ಸಿಗಲು ಸಾಧ್ಯವಿದ್ದದ್ದಕ್ಕಿಂತ ಹೆಚ್ಚು ಮತ ಬಂದದ್ದರಿಂದ ಸಿಕ್ಕಿಬಿತ್ತು. ಎರಡನ್ನು ಎರಡರಿಂದ ಗುಣಿಸುತ್ತ ಹೋದರೆ 4096 ಸಿಗುತ್ತದೆ. ಅಂದರೆ ಸರಿಯಾಗಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಜಿಗಿದಿತ್ತು. ಆಕಾಶದ ಕಣವೆಂದು ಊಹಿಸಿದರು. ರುಜುವಾತು ಸಿಗಲಿಲ್ಲ.

ಆದರೆ ಮನೆಯ ಕಂಪ್ಯೂಟರು ವಾರಕ್ಕೆ ನಾಲ್ಕು ಸಲ ಬಿದ್ದರೆ ಆಕಾಶವನ್ನು ಬಿಟ್ಟುಬಿಡುವುದೇ ಲೇಸು. ಗೂಗಲ್ ತನ್ನ ಸರ್ವರುಗಳ ರ್‍ಯಾಮನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ವರ್ಷವೊಂದರಲ್ಲಿ ಮೂರನೇ ಒಂದರಷ್ಟು ಯಂತ್ರಗಳು ಒಂದಾದರೂ ಬಿಟ್ ತಪ್ಪು ಕಂಡಿದ್ದವು. ತಪ್ಪುಗಳು ಎಲ್ಲರಿಗೂ ಹಂಚಿ ಬಿದ್ದಿರಲಿಲ್ಲ, ಒಮ್ಮೆ ತಪ್ಪಿದ ರ್‍ಯಾಮೇ ಮತ್ತೆ ಮತ್ತೆ ತಪ್ಪುತ್ತಿತ್ತು. ಮೈಕ್ರೋಸಾಫ್ಟ್ ಸಂಶೋಧಕರು 2011ರಲ್ಲಿ ಸುಮಾರು ಹತ್ತು ಲಕ್ಷ ಮನೆಬಳಕೆಯ ಕಂಪ್ಯೂಟರುಗಳ ವರದಿ ಜಾಲಾಡಿದಾಗಲೂ ಇದೇ ಕಂಡಿತು: ಒಟ್ಟು ಮೂವತ್ತು ದಿನದಷ್ಟಾದರೂ ದುಡಿದ ಯಂತ್ರಗಳಲ್ಲಿ ಪ್ರೊಸೆಸರಿನ ದೋಷದಿಂದ ಬಿದ್ದದ್ದು 190ಕ್ಕೆ ಒಂದು, ಒಮ್ಮೆ ಬಿದ್ದವುಗಳಲ್ಲಿ ಮತ್ತೆ ಬಿದ್ದದ್ದು ಸುಮಾರು ಮೂರಕ್ಕೆ ಒಂದು. ಸಿಡಿಲು ಅದೇ ತೆಂಗಿನ ಮರವನ್ನು ವಾರವಾರವೂ ಹುಡುಕಿಕೊಂಡು ಬರುವುದಿಲ್ಲ.

ಗೂಗಲ್‌ಗೆ ಲೆಕ್ಕ ಇಡಲು ಸಾಧ್ಯವಾದದ್ದು ಸರ್ವರುಗಳ ರ್‍ಯಾಮಿನಲ್ಲಿ ಪ್ರತಿ 64 ಬಿಟ್ಟಿಗೆ 8 ಬಿಟ್ ಕಾವಲು ಇರುವುದರಿಂದ. ಒಂದು ಬಿಟ್ ತಪ್ಪಿದರೆ ಅದೇ ಕಂಡುಹಿಡಿದು ಅದೇ ತಿದ್ದಿಬಿಡುತ್ತದೆ. ಮನೆಯ ಕಂಪ್ಯೂಟರುಗಳಿಗೆ ಆ ಭಾಗ್ಯ ಸಾಮಾನ್ಯವಾಗಿ ಇಲ್ಲ. ನಾಲ್ಕು ಕಾಸು ಉಳಿಸಲು ಅದನ್ನು ಕೈಬಿಟ್ಟದ್ದು ನನ್ನ ಮಟ್ಟಿಗೆ ಈ ಉದ್ಯಮದ ದೊಡ್ಡ ಜಿಪುಣತನ.

ಪುತ್ತೂರಿನಲ್ಲಿ ಪತ್ತೇದಾರಿ

ಅಕ್ಕನ ಮನೆಗೆ ಹೋದವನು ಮೊದಲು ಕೇಳಿದ್ದು ಒಂದು ನೋಟ್‌ಬುಕ್ಕು. ಬಿದ್ದ ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಪರದೆಯ ಸಂದೇಶ, ಇಷ್ಟನ್ನು ಒಂದು ವಾರ ಬರೆದಿಡು ಎಂದೆ. ಅಳಿಯನಿಗೆ ಇದು ಶಾಲೆಯ ಶಿಕ್ಷೆಯಂತೆ ಕಂಡಿತು, ಆದರೂ ಬರೆದ. ಹನ್ನೊಂದು ಸಲ ಬಿದ್ದಿತ್ತು, ಏಳು ಬಗೆಯ ಸಂದೇಶ ಬಂದಿತ್ತು. ತಂತ್ರಾಂಶದ ತಪ್ಪಾದರೆ ಬಹುಮಟ್ಟಿಗೆ ಒಂದೇ ಕೆಲಸದಲ್ಲಿ ಒಂದೇ ರೀತಿ ಎಡವುತ್ತದೆ. ಏಳು ಬಾಯಲ್ಲಿ ಏಳು ಮಾತು ಬಂದರೆ ಅನುಮಾನ ಪೆಟ್ಟಿಗೆಯ ಮೇಲೆ. ಹನ್ನೊಂದರಲ್ಲಿ ಒಂದೂ ಬೆಳಗಿನದಲ್ಲ ಎಂಬುದೂ ಆ ಪುಟದಲ್ಲಿತ್ತು.

“ಸಂಜೆ ಅಂದರೆ ವೋಲ್ಟೇಜೇ,” ಎಂದರು ಭಾವ. ತೋಟದ ಪಂಪುಗಳ ಹಣೆಬರಹ ಬಲ್ಲವರು. ಮಲ್ಟಿಮೀಟರು ತಂದು ಸಾಕೆಟ್ಟಿಗೆ ಹಿಡಿದರು, 192 ತೋರಿಸಿತು. ಫ್ರಿಜ್ಜಿನ ಸ್ಟೆಬಿಲೈಸರನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕಿದೆವು. ಅಂದು ಸಂಜೆ ಹದಿನೆಂಟನೇ ನಿಮಿಷಕ್ಕೆ ಪರದೆ ನೀಲಿಯಾಯಿತು. ಫ್ರಿಜ್ಜಿಗೆ ಸ್ಟೆಬಿಲೈಸರು ವಾಪಸಾಯಿತು. ಒಳ್ಳೆಯ ಪವರ್ ಸಪ್ಲೈ ಅಷ್ಟು ಇಳಿತವನ್ನು ತಾನೇ ಸಂಭಾಳಿಸುತ್ತದೆ. ಇದು ಒಳ್ಳೆಯದೇ ಆಗಿತ್ತು.

ಆಮೇಲೆ ಪಕ್ಕದ ತಗಡು ಬಿಚ್ಚಿದೆವು. ಪ್ರೊಸೆಸರಿನ ಮೇಲಿನ ತಂಪುಕಾರಕದ ರೆಕ್ಕೆಗಳ ನಡುವೆ ಅಡಿಕೆ ಅಂಗಳದ ಧೂಳು, ಬೆಕ್ಕಿನ ಕೂದಲು ಸೇರಿ ಒಂದು ಕಂಬಳಿಯೇ ನೇಯ್ದುಕೊಂಡಿತ್ತು. ಗಾಳಿ ಹೊರಬೀಳುವ ಹಿಂಬದಿಗೆ ಅಕ್ಕ ವಾರಪತ್ರಿಕೆಗಳ ಕಟ್ಟು ಒರಗಿಸಿದ್ದಳು. ಶಾಖ 98 ಡಿಗ್ರಿ ಮುಟ್ಟುತ್ತಿತ್ತು. ಧೂಳು ತೆಗೆದು, ಒಣಗಿ ಬಿರಿದಿದ್ದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಸವರಿದೆ. ಎರಡು ಲೋಹಗಳ ನಡುವಿನ ಕಾಣದ ಸಂದುಗಳಲ್ಲಿ ಕೂತ ಗಾಳಿ ಶಾಖವನ್ನು ದಾಟಗೊಡುವುದಿಲ್ಲ, ಆ ಸಂದು ತುಂಬುವುದಷ್ಟೇ ಪೇಸ್ಟಿನ ಕೆಲಸ. ಶಾಖ 78ಕ್ಕೆ ಇಳಿಯಿತು. ಭಾವ ಗೆದ್ದೆವೆಂದು ಘೋಷಿಸಿದರು. ಎರಡು ಗಂಟೆ ಹೊತ್ತು ಕಂಪ್ಯೂಟರು ಚಕಾರವೆತ್ತದೆ ಓಡಿತು. ಆಮೇಲೆ ಬಿತ್ತು.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕೈಚೆಲ್ಲುತ್ತಾರೆ, ‘ಶಾಖವೂ ಅಲ್ಲ’ ಎನ್ನುತ್ತಾರೆ. ಇಪ್ಪತ್ತು ನಿಮಿಷದ್ದು ಎರಡು ಗಂಟೆಯಾಗಿದೆ, ಅಂದರೆ ಶಾಖ ತಿನ್ನುತ್ತಿದ್ದದ್ದು ನಿಜ. ಅದರ ಜೊತೆ ಉಣ್ಣುವವನು ಇನ್ನೊಬ್ಬನಿದ್ದಾನೆ.

ರಾತ್ರಿ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್ ಹಾಕಿ ಮಲಗಿದೆವು. ರ್‍ಯಾಮಿನ ಪ್ರತಿ ಕೊಡವನ್ನೂ ತುಂಬಿ, ಬರಿದು ಮಾಡಿ, ಒಂದು ಬಿಟ್ಟು ಒಂದು ತುಂಬಿ, ಇಟ್ಟದ್ದೇ ಸಿಗುತ್ತದೆಯೇ ಎಂದು ನೋಡುವ ತಂತ್ರಾಂಶ ಅದು. ಬೆಳಗ್ಗೆ ಒಂದು ತಪ್ಪೂ ಇರಲಿಲ್ಲ. ನನಗೆ ಅಂಗಡಿಯ ಹುಡುಗನ ಮಾತು ನೆನಪಾದದ್ದು ಆಗ. ನಾನೂ ಅವನು ಮಾಡಿದ್ದನ್ನೇ ಮಾಡಿದ್ದೆ. ರಾತ್ರಿಯ ತಂಪಿನಲ್ಲಿ, ಗ್ರಾಫಿಕ್ಸ್ ಕಾರ್ಡು ನಿದ್ದೆ ಮಾಡುತ್ತಿರುವಾಗ ಪರೀಕ್ಷೆ. ಅವನದು ಏಸಿ ಹಾಕಿದ ಅಂಗಡಿ, ವಿಂಡೋಸ್ ತೆರೆದಿಟ್ಟು ಮೂರು ದಿನ. ಸಂಜೆ ಏಳರ ಪುತ್ತೂರಿನ ಸೆಕೆಯಲ್ಲಿ, ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ರ್‍ಯಾಮಿನ ಮೇಲೆ ಬೀಸುತ್ತಿರುವಾಗ ಯಾರೂ ನೋಡಿರಲಿಲ್ಲ. ತವರುಮನೆಯಲ್ಲಿ ಮಿಗತೆ ಮೂರು ಪಾಲು, ಗಂಡನ ಮನೆಯಲ್ಲಿ ಸೊನ್ನೆಗಿಂತ ಒಂದು ಕೆಳಗೆ.

ಆದ್ದರಿಂದ ಮರುದಿನ ಸಂಜೆ ಏಳಕ್ಕೇ ಕೂತು, ಒಂದು ಕಡೆ ಗ್ರಾಫಿಕ್ಸ್ ಕಾರ್ಡಿಗೆ ಭಾರದ ಕೆಲಸ ಕೊಟ್ಟು, ಇನ್ನೊಂದು ಕಡೆ ಪ್ರೈಮ್‌95 ಓಡಿಸಿದೆವು. 1996ರಿಂದ ದೈತ್ಯ ಅವಿಭಾಜ್ಯ ಸಂಖ್ಯೆಗಳ ಬೇಟೆಯಲ್ಲಿರುವ ಹವ್ಯಾಸಿಗಳ ತಂತ್ರಾಂಶ ಅದು. ಉತ್ತರ ಮೊದಲೇ ಗೊತ್ತಿರುವ ಕಷ್ಟದ ಲೆಕ್ಕಗಳನ್ನು ಮಾಡಿಸಿ, ತಪ್ಪಿದ ಕೂಡಲೇ ಹೇಳುವ ಒಂದು ಪರೀಕ್ಷೆ ಅದರಲ್ಲಿದೆ. ಮೂವತ್ತೈದನೇ ನಿಮಿಷಕ್ಕೆ ಉತ್ತರ ತಪ್ಪಿತು. ನೀಲಿ ಪರದೆಯಿಲ್ಲ, ಕತ್ತಲಿಲ್ಲ, ಒಂದು ಸಂಖ್ಯೆ ಇರಬೇಕಾದ ಕಡೆ ಇನ್ನೊಂದು. ಆ ಸಂಖ್ಯೆ ನೋಡಿದಾಗ ಆದ ಸಂತೋಷ ಭಾವನಿಗೆ ಅರ್ಥವಾಗಲಿಲ್ಲ. ಅಡಗಿ ಕೂತದ್ದು ಕರೆದಾಗ ಬಂದಿತ್ತು. ಕರೆದಾಗ ಬರುವುದನ್ನು ಹಿಡಿಯಬಹುದು.

ಈಗ ಒಂದು ಸಲಕ್ಕೆ ಒಂದೇ ಬದಲಾವಣೆ. ರ್‍ಯಾಮಿನ ವೇಗ 3600 ಇತ್ತು, 3200ಕ್ಕೆ ಇಳಿಸಿದೆ. ಪರೀಕ್ಷೆ ಬೆಳಗಿನ ತನಕ ನಡೆಯಿತು, ತಪ್ಪಿಲ್ಲ. ಮತ್ತೆ 3600ಕ್ಕೆ ಏರಿಸಿದೆ. ಅಳಿಯ ಹೌಹಾರಿದ, “ಸರಿಯಾಯ್ತಲ್ಲ ಮಾವ, ಪುನಃ ಯಾಕೆ?” ಎಂದ. ಏರಿಸಿದಾಗ ಮತ್ತೆ ತಪ್ಪಿದರೆ ಮಾತ್ರ ಸರಿಯಾದದ್ದು ಇದರಿಂದಲೇ ಎಂದು ಖಾತ್ರಿ. ಇಲ್ಲವಾದರೆ ಅಂದು ರಾತ್ರಿ ಬಿದ್ದ ಮಳೆಯಿಂದಲೂ ಇರಬಹುದು. ಮತ್ತೆ ತಪ್ಪಿತು.

ಅಂದರೆ ರ್‍ಯಾಮ್ ಕೆಟ್ಟಿದೆ, ಯಾವ ಸ್ಟಿಕ್ಕು ಎಂದು ಪತ್ತೆಯಾದರೆ ಮುಗಿಯಿತು ಎಂದುಕೊಂಡೆ. ಒಟ್ಟು ನಾಲ್ಕು ಇದ್ದವು: ಕಂಪ್ಯೂಟರಿನ ಜೊತೆ ಬಂದ ಎರಡು, ಕಳೆದ ದೀಪಾವಳಿಗೆ ಅದೇ ಅಂಗಡಿಯಲ್ಲಿ ಹಾಕಿಸಿದ ಎರಡು. ಹಳೆಯ ಎರಡನ್ನಷ್ಟೇ ಇಟ್ಟು 3600ರಲ್ಲಿ ಓಡಿಸಿದೆ. ತಪ್ಪಿಲ್ಲ. ಹಾಗಾದರೆ ಹೊಸವೇ ಕಳ್ಳರು. ಹೊಸ ಎರಡನ್ನಷ್ಟೇ ಇಟ್ಟೆ. ಅವೂ ತಪ್ಪಲಿಲ್ಲ. ನಾಲ್ಕನ್ನೂ ಇಟ್ಟೆ, ತಪ್ಪಿತು.

ಯಾವುದೂ ಕೆಟ್ಟಿರಲಿಲ್ಲ. ಸ್ಟಿಕ್ಕಿನ ಮೇಲೆ 3600 ಎಂದು ಅಚ್ಚಾಗಿತ್ತು. ಈ ಡಿಡಿಆರ್4 ಜಾತಿಯ ರ್‍ಯಾಮಿಗೆ ಉದ್ಯಮದ ಒಪ್ಪಿತ ಮಾನದಂಡದಲ್ಲಿ 3200ರ ಮೇಲೆ ವೇಗವಿಲ್ಲ. 3600 ಎನ್ನುವುದು ತಯಾರಕರು ಆ ಎರಡರ ಜೋಡಿಗೆ ಮಾತ್ರ ಪರೀಕ್ಷಿಸಿ ಕೊಟ್ಟ ಮಾತು. ಅಚ್ಚಾದ ಸಂಖ್ಯೆಯೇ ಆದರೂ ಅದು ಗಂಟೆಯನ್ನು ಜೋರು ಮಾಡಿದ ಲೆಕ್ಕವೇ, ನಾಲ್ಕು ಸೇರಿದಾಗ ಆ ಮಾತು ನಡೆಯುವುದಿಲ್ಲ. ಒಂದೇ ಪೈಪಿಗೆ ಎರಡು ಮನೆ ಹೆಚ್ಚಾದ ಹಾಗೆ, ನಾಲ್ಕರ ಭಾರಕ್ಕೆ ಕೊಡ ತುಂಬುವುದು ತಡವಾಗುತ್ತದೆ. ದೀಪಾವಳಿಯ ತಂಪಿನಲ್ಲಿ ಮಿಗತೆ ಹೇಗೋ ಸೊನ್ನೆಯ ಮೇಲಿತ್ತು. ಚಳಿಗಾಲ ಕಳೆಯಿತು, ಅಡಿಕೆಯ ಧೂಳು ಕೂತಿತು, ಪತ್ರಿಕೆಗಳ ಕಟ್ಟು ಬೆಳೆಯಿತು, ಏಪ್ರಿಲ್ ಬಂತು.

ವೇಗವನ್ನು 3200ಕ್ಕೆ ಖಾಯಂ ಮಾಡಿದೆ. ವಿಡಿಯೋ ಕೆಲಸದಲ್ಲಿ ವ್ಯತ್ಯಾಸ ಅಳಿಯನ ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬಿದ್ದದ್ದು ಬೇರೆ. ಆ ತಿಂಗಳು ಅವನು ಸೇವ್ ಮಾಡಿದ್ದ ಒಂದು ಮದುವೆಯ ವಿಡಿಯೋದಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಮದುಮಗನ ಮುಖದ ಮೇಲೆ ಹಸಿರು ಚೌಕವೊಂದು ಅರೆಕ್ಷಣ ಕೂತು ಹೋಗುತ್ತಿತ್ತು. ಸಿಳ್ಳೆ ಬೀಳದೆ ದಾಟಿಹೋದ ಬಿಟ್ ಅದು. ಡಿಸ್ಕಿನಲ್ಲಿ ಬರೆದುಬಿಟ್ಟದ್ದು ಆಫ್ ಮಾಡಿ ಆನ್ ಮಾಡಿದರೂ ಹೋಗುವುದಿಲ್ಲ. ಮೂಲ ಕ್ಯಾಮೆರಾ ಪ್ರತಿಯಿಂದ ಇಡೀ ಭಾಗವನ್ನು ಮತ್ತೆ ಕತ್ತರಿಸಿ ಜೋಡಿಸಬೇಕಾಯಿತು.

ಹೊರಡುವ ಮುನ್ನ ಅಂಗಡಿಗೆ ಹೋಗಿ ಹುಡುಗನಿಗೆ ಎಲ್ಲ ವಿವರಿಸಿದೆ. ನಾಲ್ಕು ಸ್ಟಿಕ್ಕು, 3600, ಸೆಕೆ, ಧೂಳು. ಅವನು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ಗಮನವಿಟ್ಟು ಕೇಳಿದ.

“ಅಂದರೆ ಯಾವ ಪಾರ್ಟೂ ಹೋಗಿರಲಿಲ್ಲ?”

“ಇಲ್ಲ.”

“ನಾನು ಆಗಲೇ ಹೇಳಿದ್ದಲ್ವಾ ಸಾರ್,” ಎಂದ ಅವನು, “ಎಂತದೂ ತೊಂದರೆ ಇಲ್ಲ ಅಂತ.”